ಟ್ರ್ಯಾಕ್ಟರ್ ಪಕ್ಕಕ್ಕೆ ಎಳೆದರೆ ಮೊದಲು ನಾವೇ ನೋಡೋಣ

ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ಎಳೆಯುತ್ತೆ ಅಂದರೆ ನಮ್ಮ ಕಡೆ ಸಿಗುವ ಸಲಹೆ ಎರಡೇ. ಒಂದು, ‘ಸ್ಟೇರಿಂಗ್ ಬಿಗಿ ಹಿಡ್ಕಂಡು ಓಡ್ಸು’. ಇನ್ನೊಂದು, ‘ಅಲೈನ್‌ಮೆಂಟ್ ಹೋಗಿದೆ, ಗ್ಯಾರೇಜಿಗೆ ಬಿಡು’. ಮೊದಲನೇದು ಅಪಾಯ. ಎರಡನೇದು ಎಷ್ಟೋ ಸಲ ದಂಡ. ಇವೆರಡಕ್ಕೂ ಮುಂಚೆ ರೈತ ತನ್ನ ಕಣದಲ್ಲೇ ನಿಂತು ನೋಡಿಕೊಳ್ಳುವಂಥದ್ದು ಬಹಳ ಇದೆ ಅನ್ನೋದು ನನ್ನ ಅಭಿಪ್ರಾಯ.

ಎತ್ತು ಕಟ್ಟಿ ಬೇಸಾಯ ಮಾಡಿದವರಿಗೆ ಇದೇನು ಹೊಸದಲ್ಲ. ಕುಂಟೆ ಸಾಲು ಬಿಟ್ಟು ಓರೆ ಹೋದರೆ ನಾವು ಯಾರನ್ನೂ ಕೇಳಲಿಕ್ಕೆ ಹೋಗ್ತಿರಲಿಲ್ಲ. ಯಾವ ಎತ್ತು ಹಿಂದೆ ಬೀಳುತ್ತೆ, ಹಗ್ಗ ಸಡಿಲ ಆಗಿದೆಯಾ, ನೊಗದ ನಡು ಸರಿದಿದೆಯಾ ನೋಡ್ತಿದ್ವಿ. ಒಂದೆತ್ತು ಬಡಕಲಾಗಿದ್ದರೆ ನೊಗಕ್ಕೆ ಕಟ್ಟುವ ಜಾಗವನ್ನು ಬಲವಾದ ಎತ್ತಿನ ಕಡೆಗೆ ನಾಲ್ಕು ಬೆರಳು ಸರಿಸಿದರೆ ಬಡಕಲು ಎತ್ತಿಗೆ ಭಾರ ಕಮ್ಮಿ ಆಗಿ ಜೋಡಿ ಸಮ ನಡೀತಿತ್ತು. ಕಬ್ಬಿಣದ ಎತ್ತು ಬಂದ ಮೇಲೆ ಆ ನೋಟವನ್ನ ಯಾಕೆ ಬಿಟ್ವೋ ಗೊತ್ತಿಲ್ಲ.

ಮೊದಲು ಕೇಳಬೇಕಾದ್ದು, ಯಾವಾಗ ಎಳೆಯುತ್ತೆ ಅಂತ. ಸುಮ್ಮನೆ ಓಡುವಾಗಲೂ ಎಳೆಯುತ್ತಾ, ಬ್ರೇಕ್ ಒತ್ತಿದಾಗ ಮಾತ್ರವಾ, ನೇಗಿಲು ಇಳಿಸಿದಾಗ ಮಾತ್ರವಾ? ಮೂರೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ಇನ್ನೊಂದು ಮಾತು. ಮಳೆ ನೀರು ಹರಿದು ಹೋಗಲಿ ಅಂತ ರಸ್ತೆಯ ನಡು ಎತ್ತರ, ಅಂಚು ತಗ್ಗು ಮಾಡಿರ್ತಾರೆ. ನಾವು ಎಡಗಡೆ ಓಡಿಸೋದರಿಂದ ಗಾಡಿ ಚೂರು ಎಡಕ್ಕೆ ವಾಲೋದು ಸಹಜ. ಅದಕ್ಕೇ ಪರೀಕ್ಷೆ ಮಾಡೋದು ಸಮತಟ್ಟು ಜಾಗದಲ್ಲೇ ಆಗಬೇಕು.

ಯಾವಾಗಲೂ ಎಳೆಯುತ್ತೆ ಅಂದರೆ ಮೊದಲು ಗಾಳಿ. ಮುಂದಿನ ಎರಡು ಟೈರಲ್ಲಿ ಯಾವುದಕ್ಕೆ ಗಾಳಿ ಕಮ್ಮಿಯೋ ಆ ಕಡೆಗೆ ಎಳೆಯುತ್ತೆ. ನಮ್ಮ ಬಯಲು ಸೀಮೆಯಲ್ಲಿ ಜಾಲಿ ಮುಳ್ಳು ಒಂದು ಚುಚ್ಚಿದರೆ ಸಾಕು, ಎರಡು ಮೂರು ದಿನಕ್ಕೆ ಗಾಳಿ ಅರ್ಧ ಇಳಿದಿರುತ್ತೆ, ಕಣ್ಣಿಗೆ ಕಾಣೋದಿಲ್ಲ. ಕಾಲಲ್ಲಿ ಒದ್ದು ‘ಗಾಳಿ ಐತೆ’ ಅನ್ನೋರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ. ಗೇಜು ಒಂದು ತಗೊಂಡರೆ ವರ್ಷಗಟ್ಟಲೆ ಬರುತ್ತೆ. ಎಷ್ಟು ಗಾಳಿ ಅನ್ನೋದು ಟ್ರ್ಯಾಕ್ಟರ್ ಜೊತೆ ಕೊಟ್ಟ ಪುಸ್ತಕದಲ್ಲಿದೆ, ಹೊಲಕ್ಕೆ ಒಂದು ಲೆಕ್ಕ, ರಸ್ತೆ ಹೇರಿಗೆ ಒಂದು ಲೆಕ್ಕ. ಏನೇ ಆದರೂ ಎಡಬಲ ಸಮ ಇರಬೇಕು. ಹಿಂದಿನ ಟೈರಿಗೆ ನೀರು ತುಂಬಿಸಿದ್ದರೆ ಅದೂ ಎರಡೂ ಕಡೆ ಸಮ.

ಗಾಳಿ ಸರಿ ಇದ್ದೂ ಎಳೆದರೆ ಮುಂದಿನ ಚಕ್ರ ಎರಡನ್ನೂ ಅದಲುಬದಲು ಮಾಡಿ. ಎಳೆತವೂ ಪಕ್ಕ ಬದಲಾಯಿಸಿದರೆ ದೋಷ ಟೈರಿನದ್ದು, ಬೇರೆ ಏನನ್ನೂ ಬಿಚ್ಚಬೇಡಿ. ನಮ್ಮೂರಿನ ಒಬ್ಬರ ಟ್ರ್ಯಾಕ್ಟರಿಗೆ ಪಟ್ಟಣದ ಗ್ಯಾರೇಜಲ್ಲಿ ಒಂದು ಸಲ ಟೈ ರಾಡ್ ಎಂಡ್ ಹಾಕಿದರು, ಇನ್ನೊಂದು ಸಲ ಕಿಂಗ್‌ಪಿನ್ ಬುಷ್ ಹಾಕಿದರು. ಕಡಲೆಕಾಯಿ ಮಾರಿದ ದುಡ್ಡು ಅಲ್ಲೇ ಕರಗಿತು, ಎಳೆತ ಹಂಗೇ ಇತ್ತು. ಕೊನೆಗೆ ಚಕ್ರ ಬದಲಿಸಿ ನೋಡಿದರೆ ಎಡಕ್ಕಿದ್ದ ಎಳೆತ ಬಲಕ್ಕೆ ಬಂತು. ಒಂದು ಟೈರು ಹೊಸದು, ಒಂದು ಸವೆದು ನುಣ್ಣಗಾದದ್ದು. ಅಷ್ಟೇ.

ಟೈರೂ ಅಲ್ಲ ಅಂತಾದರೆ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಮುಂದೆ ಜಾಕ್ ಎತ್ತಿ, ಕೆಳಗೆ ಗಟ್ಟಿ ದಿಮ್ಮಿ ಇಟ್ಟು ನೋಡಬೇಕು. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬಾರದು. ಚಕ್ರ ತಿರುಗಿಸಿದರೆ ಎರಡೂ ಸಲೀಸಾಗಿ ತಿರುಗಬೇಕು. ಒಂದು ಬಿಗಿ ಇದ್ದರೆ ಬೇರಿಂಗ್. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಲಟಪಟ ಅಂದರೆ ಬೇರಿಂಗ್ ಇಲ್ಲಾ ಬುಷ್. ಎಡಬಲ ಹಿಡಿದಾಗ ಅಂದರೆ ಟೈ ರಾಡ್ ಎಂಡ್. ಆಮೇಲೆ ಹಗ್ಗ ಹಿಡಿದು ಹಿಂದಿನ ಅಚ್ಚಿನ ನಡುವಿನಿಂದ ಮುಂದಿನ ಚಕ್ರದ ನಡುವಿನವರೆಗೆ ಎರಡೂ ಕಡೆ ಅಳೆಯಿರಿ. ಸ್ಟೇರಿಂಗ್ ನೆಟ್ಟಗಿರಲಿ. ಅಳತೆಯಲ್ಲಿ ವ್ಯತ್ಯಾಸ ಕಂಡರೆ ಬದುವಿಗೋ ಕಲ್ಲಿಗೋ ಹೊಡೆದು ಏನೋ ಬಗ್ಗಿದೆ. ಎಡೆ ಹೊಡೆಯಲಿಕ್ಕೆ ಅಂತ ಚಕ್ರದ ಅಗಲ ಬದಲಿಸಿದವರು ಒಂದು ಕಡೆ ಒಂದು ತೂತಿಗೆ, ಇನ್ನೊಂದು ಕಡೆ ಬೇರೆ ತೂತಿಗೆ ಬೋಲ್ಟ್ ಹಾಕಿರೋದೂ ಉಂಟು. ಚಕ್ರದ ಮುಂಬದಿ ಹಿಂಬದಿಗಿಂತ ಕೆಲವು ಮಿಲಿಮೀಟರ್ ಒಳಕ್ಕಿರೋದನ್ನ ಟೋ ಇನ್ ಅಂತಾರೆ. ಇದು ತಪ್ಪಿದರೆ ಎಳೆತಕ್ಕಿಂತ ಟೈರ್ ಸವೆತವೇ ಜಾಸ್ತಿ. ಅಲೈನ್‌ಮೆಂಟ್ ಅನ್ನೋ ಮಾತು ಈ ಹಂತಕ್ಕೆ ಬರಬೇಕಾದ್ದೇ ಹೊರತು ಮೊದಲಿಗಲ್ಲ.

ಉಳುವಾಗ ಮಾತ್ರ ಎಳೆದರೆ ಟ್ರ್ಯಾಕ್ಟರನ್ನ ಬೈಯಬೇಡಿ. ನೇಗಿಲು ನಡುವಿಗೆ ಸರಿಯಾಗಿ ಕೂತಿಲ್ಲ. ಪಕ್ಕದ ಸರಪಳಿ, ಚಕ್ರದ ಅಗಲ ನೋಡಿ. ಡಿಸ್ಕ್ ನೇಗಿಲಾದರೆ ಹಿಂದಿನ ಸಣ್ಣ ಚಕ್ರ ಇರೋದೇ ಆ ಪಕ್ಕದ ಒತ್ತಡ ತಡೆಯಲಿಕ್ಕೆ.

ಇನ್ನು ಬ್ರೇಕ್. ಈ ಲೇಖನ ಬರೆಯಬೇಕು ಅನ್ನಿಸಿದ್ದೇ ಇದಕ್ಕೆ. ಟ್ರ್ಯಾಕ್ಟರಿಗೆ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಪೆಡಲ್ ಇರೋದು ಹೊಲದ ಕೊನೆಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಿಸಲಿಕ್ಕೆ. ರಸ್ತೆಗೆ ಇಳಿದರೆ ಎರಡನ್ನೂ ಸೇರಿಸುವ ಲಾಕ್ ಹಾಕಲೇಬೇಕು. ನಮ್ಮ ಕಡೆ ಎಷ್ಟೋ ಟ್ರ್ಯಾಕ್ಟರಲ್ಲಿ ಈ ಲಾಕ್ ಮುರಿದಿದೆ, ಇಲ್ಲಾ ತುಕ್ಕು ಹಿಡಿದು ಕೂತಿದೆ. ಹಿಂದಿನ ಟ್ರೇಲರಿಗೆ ಸಾಮಾನ್ಯವಾಗಿ ಬ್ರೇಕೇ ಇರೋದಿಲ್ಲ. ಇಳಿಜಾರಲ್ಲಿ ಮೂಟೆ ತುಂಬಿದ ಟ್ರೇಲರ್ ಹಿಂದಿನಿಂದ ನೂಕ್ತಾ ಇರುತ್ತೆ, ಚಾಲಕನ ಕಾಲು ಒಂದೇ ಪೆಡಲ್ ಮೇಲೆ ಬೀಳುತ್ತೆ, ಟ್ರ್ಯಾಕ್ಟರ್ ಅಡ್ಡ ತಿರುಗಿ ಮಗುಚುತ್ತೆ. ಮಡ್‌ಗಾರ್ಡ್ ಮೇಲೆ ಕೂತ ಕೂಲಿಯವರ ಗತಿ ಹೇಳಬೇಕಾಗಿಲ್ಲ.

ಲಾಕ್ ಹಾಕಿದರೂ ಎರಡು ಬ್ರೇಕ್ ಸಮ ಹಿಡಿಯದಿದ್ದರೆ ಎಳೆತ ತಪ್ಪೋದಿಲ್ಲ. ಟ್ರೇಲರ್ ಬಿಚ್ಚಿ, ಯಾರನ್ನೂ ಕೂರಿಸದೆ, ಸಮತಟ್ಟಾದ ಮಣ್ಣಿನ ಬಯಲಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ಒತ್ತಿ. ಇಳಿದು ಹಿಂದಿನ ಚಕ್ರ ಉಜ್ಜಿದ ಗುರುತು ನೋಡಿ. ಬಲದ ಗುರುತು ಉದ್ದ ಇದ್ದರೆ ಬಲ ಬ್ರೇಕ್ ಮೊದಲು ಹಿಡೀತಿದೆ, ಗಾಡಿ ಬಲಕ್ಕೆ ಎಳೆಯುತ್ತೆ. ಪೆಡಲಿನ ಸಡಿಲು ಎಷ್ಟಿರಬೇಕು ಅಂತ ಪುಸ್ತಕದಲ್ಲಿದೆಯೋ ಅಷ್ಟಕ್ಕೆ ಎರಡೂ ಕಡೆಯ ರಾಡು ಸಮ ಮಾಡಿ ಮತ್ತೆ ನೋಡಿ. ಆದರೂ ಒಂದು ಕಡೆ ಹಿಡಿಯದಿದ್ದರೆ ಲೈನಿಂಗ್ ಸವೆದಿದೆ. ಡ್ರೈ ಬ್ರೇಕಾದರೆ ಆಯಿಲ್ ಸೀಲ್ ಹೋಗಿ ಲೈನಿಂಗಿಗೆ ಎಣ್ಣೆ ಕುಡಿಸಿರಲೂಬಹುದು. ಸೀಲ್ ಬದಲಿಸದೆ ಲೈನಿಂಗ್ ಮಾತ್ರ ಹಾಕಿಸಿದರೆ ಮತ್ತೆ ಅದೇ ಕತೆ. ಲೈನಿಂಗ್ ಎರಡೂ ಕಡೆಗೆ ಒಟ್ಟಿಗೇ ಹಾಕಿಸಿ. ಇದು ಮೆಕ್ಯಾನಿಕ್ ಕೆಲಸ, ಇಲ್ಲಿ ಜಿಪುಣತನ ಬೇಡ.

ಹಳೇ ಜೀಪು, ಕಾರು, ಗೂಡ್ಸ್ ಗಾಡಿ ತಗೊಂಡವರಿಗೂ ಇದೇ ದಾರಿ. ಬ್ರೇಕ್ ಒತ್ತದೆಯೇ ಎಳೆದರೆ ಹತ್ತು ಮೈಲಿ ಓಡಿಸಿ ನಿಲ್ಲಿಸಿ, ಚಕ್ರದ ಹತ್ತಿರ ಅಂಗೈ ಹಿಂಬದಿ ಒಡ್ಡಿ, ಮುಟ್ಟಬೇಡಿ. ಒಂದು ಚಕ್ರ ಉಳಿದವಕ್ಕಿಂತ ಕಾವು ಬಡಿದರೆ ಬ್ರೇಕ್ ಅಂಟಿಕೊಂಡಿರಬಹುದು.

ಮಾರುವವರ ಮೇಲೂ ನನ್ನ ಆಕ್ಷೇಪ ಇದೆ. ಹೊಸ ಟ್ರ್ಯಾಕ್ಟರಿಗೆ ಹಾರ ಹಾಕಿ ಫೋಟೋ ಹಿಡಿಯಲಿಕ್ಕೆ ಅರ್ಧ ದಿನ ಇರುತ್ತೆ, ಪೆಡಲ್ ಲಾಕ್ ತೋರಿಸಲಿಕ್ಕೆ ಐದು ನಿಮಿಷ ಇರೋದಿಲ್ಲ. ಕನ್ನಡದ ಪುಸ್ತಕ ಕೊಡದೆ ಬೀಗದ ಕೈ ಇಸಕೋಬೇಡಿ. ಬಾಡಿಗೆಗೆ ಕರೆಯುವ ಸಣ್ಣ ರೈತರೂ ಮೂಟೆ ಹೇರುವ ಮುಂಚೆ ‘ಲಾಕ್ ಎಲ್ಲಿದೆಯಪ್ಪ, ತೋರ್ಸು’ ಅಂತ ಕೇಳಿ. ಬಾಡಿಗೆ ಕೊಡೋರು ನಾವು, ಕೇಳಲಿಕ್ಕೆ ಸಂಕೋಚ ಯಾಕೆ?

ಗ್ಯಾರೇಜಿಗೆ ಹೋಗಲೇಬೇಕಾದಾಗ ‘ಎಳೆಯುತ್ತೆ’ ಅಂತ ಒಂದೇ ಮಾತು ಹೇಳಿ ಬರಬೇಡಿ. ಯಾವ ಕಡೆಗೆ, ಯಾವಾಗ, ಗಾಳಿ ಎಷ್ಟಿದೆ, ಚಕ್ರ ಬದಲಿಸಿದಾಗ ಏನಾಯ್ತು, ಎಲ್ಲಾ ಚೀಟಿಯಲ್ಲಿ ಬರೆದು ಕೊಡಿ. ಬದಲಿಸಿದ ಹಳೇ ಸಾಮಾನನ್ನು ಚೀಲಕ್ಕೆ ಹಾಕಿಸಿಕೊಂಡು ಮನೆಗೆ ತನ್ನಿ.