ಮೊದಲ ಇಂಜೆಕ್ಷನ್‌ಗೆ ಮುಂಚೆ ಬ್ಲಡ್ ಕಲ್ಚರ್ ಕೇಳಿ



ಮಳೆಗಾಲದ ಜ್ವರ ಎಂದರೆ ಕರಾವಳಿ, ಮಲೆನಾಡಿನ ನಮಗೆ ಡೆಂಗಿ, ಮಲೇರಿಯಾ, ಇಲಿಜ್ವರ. ಈ ಮೂರೂ ಅಲ್ಲವೆಂದು ವರದಿ ಬಂದ ಮೇಲೂ ಜ್ವರ ಇಳಿಯದೆ, ಸಕ್ಕರೆ ಕಾಯಿಲೆಯವರೊಬ್ಬರು ಆಸ್ಪತ್ರೆಯಲ್ಲಿ ದಿನೇದಿನೇ ಸೊರಗುತ್ತಿದ್ದರೆ ದಯವಿಟ್ಟು ಇನ್ನೊಂದು ಹೆಸರನ್ನು ನೆನಪಿಸಿಕೊಳ್ಳಿ: ಮೆಲಿಯಾಯ್ಡೋಸಿಸ್.

ಇದಕ್ಕೆ ಕಾರಣ ಬರ್ಖೋಲ್ಡೇರಿಯಾ ಸ್ಯೂಡೋಮಲೈ ಎಂಬ ಬ್ಯಾಕ್ಟೀರಿಯಾ. ಗದ್ದೆಯ ಕೆಸರಿನಲ್ಲಿ, ನಿಂತ ನೀರಿನಲ್ಲಿ ಅದರ ವಾಸ. ನೇಜಿ ನೆಡುವಾಗ ಕಾಲಿನ ಸಣ್ಣ ಗಾಯದಿಂದ ಒಳಹೊಗಬಹುದು, ಬಿರುಗಾಳಿ ಮಳೆಯಲ್ಲಿ ಉಸಿರಿನ ಜತೆಗೂ ಸೇರಬಹುದು. ಗಟ್ಟಿಮುಟ್ಟಾದ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ವಿಪರೀತ ಕುಡಿತ ಇದ್ದವರಲ್ಲಿ ಹೆಚ್ಚಾಗಿ ರಕ್ತಕ್ಕೆ ಸೇರಿ ಶ್ವಾಸಕೋಶ, ಯಕೃತ್ತು, ಕೀಲುಗಳಲ್ಲಿ ಕೀವು ಕಟ್ಟುತ್ತದೆ. ಕೆಮ್ಮು, ತೂಕ ಇಳಿದದ್ದು ನೋಡಿ ಟಿಬಿ ಎಂದುಕೊಂಡು ತಿಂಗಳುಗಟ್ಟಲೆ ಮಾತ್ರೆ ನುಂಗಿದವರೂ ಇದ್ದಾರೆ.

ರಂಗೂನಿನಲ್ಲಿ ವೈದ್ಯರಾದ ಆಲ್ಫ್ರೆಡ್ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಈ ರೋಗವನ್ನು ಗುರುತಿಸಿದ್ದು 1911-12ರಲ್ಲಿ. ಇಂದಿಗೂ ಇದಕ್ಕೆ ‘ಅಪರೂಪದ ರೋಗ’ವೆಂಬ ಹಣೆಪಟ್ಟಿ ಇದೆ. 2016ರ ಒಂದು ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 1,65,000 ಮಂದಿಗೆ ತಗಲಿ 89,000 ಜೀವ ತೆಗೆಯುವ ರೋಗವನ್ನು ಅಪರೂಪವೆನ್ನಲು ನನಗೆ ಮನಸ್ಸು ಬಾರದು. ಹುಡುಕದಿದ್ದುದಕ್ಕೆ ಸಿಗಲಿಲ್ಲ, ಅಷ್ಟೆ. ಮಣಿಪಾಲದ ಆಸ್ಪತ್ರೆಯಲ್ಲಿ ಹುಡುಕಿದರು, ಸಿಗುತ್ತಿದೆ.

ಹುಡುಕುವ ದಾರಿಯೇ ಬ್ಲಡ್ ಕಲ್ಚರ್. ತೋಳನ್ನು ಚೆನ್ನಾಗಿ ಒರೆಸಿ ಬಾಟಲಿಗೆ 8ರಿಂದ 10 ಎಂಎಲ್ ರಕ್ತ ತುಂಬುತ್ತಾರೆ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಬಾಟಲಿಗೆ. ರೋಗಾಣು ಅದರಲ್ಲಿ ಬೆಳೆಯಲು ಒಂದೆರಡು ದಿನವಾದರೂ ಬೇಕು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ತುದಿ ಗಾಢ, ನಡು ತಿಳಿ; ಸೇಫ್ಟಿ ಪಿನ್ನಿನಂತೆ ಕಾಣುತ್ತದೆ. ಅನುಭವವಿಲ್ಲದ ಲ್ಯಾಬಿನವರು ಇದನ್ನು ‘ಸ್ಯೂಡೊಮೋನಾಸ್’ ಎಂಬ ಬೇರೆ ಬ್ಯಾಕ್ಟೀರಿಯಾ ಎಂದೋ, ಹೊರಗಿನಿಂದ ಸೇರಿಕೊಂಡದ್ದು ಎಂದೋ ಬರೆದುಬಿಡುವುದುಂಟು. ಆಂಟಿಬಯಾಟಿಕ್ ಶುರುವಾದ ಮೇಲೆ ತೆಗೆದ ರಕ್ತದಲ್ಲಿ ಏನೂ ಬೆಳೆಯದೆಯೂ ಹೋಗಬಹುದು.

ಹಾಗಾಗಿ ರೋಗಿಯ ಜತೆ ಹೋದವರು ಬಾಯಿಬಿಟ್ಟು ಹೇಳಲೇಬೇಕು: “ಡಾಕ್ಟ್ರೇ, ಅಪ್ಪನಿಗೆ ಶುಗರ್ ಇದೆ, ಗದ್ದೆಗೆ ಇಳೀತಾರೆ. ಇಂಜೆಕ್ಷನ್ ಕೊಡುವ ಮೊದಲು ಕಲ್ಚರಿಗೆ ರಕ್ತ ತೆಗೀತೀರಾ?” ಅಷ್ಟು ರಕ್ತ ಯಾಕೆಂದು ಸಿಸ್ಟರ್ ಜತೆ ಜಗಳಕ್ಕೆ ನಿಲ್ಲಬೇಡಿ. ಸ್ಥಿತಿ ಗಂಭೀರವಿದ್ದರೆ ರಕ್ತ ತೆಗೆದ ಕೂಡಲೇ ಔಷಧ ಆರಂಭವಾಗಬೇಕು, ವರದಿಗೆ ಕಾಯುವಂತಿಲ್ಲ.

ರೋಗ ಖಚಿತವಾದರೆ ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಡ್ರಿಪ್ ಕನಿಷ್ಠ 10ರಿಂದ 14 ದಿನ, ಆಮೇಲೆ ಮನೆಯಲ್ಲಿ ಕೊಟ್ರಿಮೊಕ್ಸಜೋಲ್ ಮಾತ್ರೆ ಕನಿಷ್ಠ ಮೂರು ತಿಂಗಳು. ಜ್ವರ ಬಿಟ್ಟಿತು, ಊಟ ಸೇರುತ್ತಿದೆ ಎಂದು ಮಧ್ಯದಲ್ಲೇ ಮಾತ್ರೆ ಬಿಟ್ಟರೆ ರೋಗ ಮರುಕಳಿಸುವ ಭಯ ಹೆಚ್ಚು. ಸಕ್ಕರೆ ಕಾಯಿಲೆಯವರು ಗಂಬೂಟು ಹಾಕದೆ, ಗಾಯ ಮುಚ್ಚದೆ ಕೆಸರಿಗೆ ಇಳಿಯಬೇಡಿ.

ಪಂಚಾಯತ್ ಸದಸ್ಯರಲ್ಲಿ, ಶಾಸಕರಲ್ಲಿ ಒಂದು ಕೋರಿಕೆ. ಕಲ್ಚರ್ ಬಾಟಲಿಗಳು ನಿಮ್ಮ ತಾಲೂಕು ಆಸ್ಪತ್ರೆಯಲ್ಲಿವೆಯೇ, ತುಂಬಿದ ಬಾಟಲಿ ಅಂದೇ ಲ್ಯಾಬ್ ತಲುಪುತ್ತದೆಯೇ ಎಂದು ಜೂನ್ ಮಳೆ ಹಿಡಿಯುವ ಮೊದಲೇ ಹೋಗಿ ವಿಚಾರಿಸಿ.