ಈ ಸಲದ ವಿಹಾರಕೂಟ ಹಕ್ಕಿಗಳಿರುವ ಕಡೆಗೆ ಹೊರಡಲಿ

ಮುಂಬಯಿಯ ಕನ್ನಡ, ತುಳು ಸಂಘ-ಸಂಸ್ಥೆಗಳ ಪದಾಧಿಕಾರಿಗಳೇ, ಮಹಿಳಾ ವಿಭಾಗದ ತಾಯಂದಿರೇ, ಯುವ ವಿಭಾಗದ ಗೆಳೆಯರೇ,

ಸಂಕ್ರಾಂತಿ ಕಳೆಯುತ್ತಲೇ ನಮ್ಮಲ್ಲಿ ಅರಸಿನ ಕುಂಕುಮ, ವಾರ್ಷಿಕೋತ್ಸವ, ಅದರ ಬೆನ್ನಿಗೇ ವಿಹಾರಕೂಟಗಳ ಸರದಿ. ಬೆಳಗಿನ ಜಾವ ಬಸ್ಸು ಹೊರಡುತ್ತದೆ, ದಾರಿಯಲ್ಲಿ ಇಡ್ಲಿ ಚಟ್ನಿ, ಅಂತ್ಯಾಕ್ಷರಿ, ರೆಸಾರ್ಟಿನಲ್ಲಿ ಊಟ, ಹಗ್ಗಜಗ್ಗಾಟ, ಸಂಜೆ ಬಹುಮಾನ ವಿತರಣೆ. ಡೊಂಬಿವಲಿಯಿಂದ ಮೀರಾರೋಡಿನವರೆಗೆ ಚದುರಿಹೋದ ಮನೆಗಳಿಂದ ಅಷ್ಟು ಜನರನ್ನು ಒಂದೇ ಹೊತ್ತಿಗೆ ಒಂದೆಡೆ ಸೇರಿಸುವ ಶಿಸ್ತು ನಮ್ಮ ಸಂಘಗಳಿಗೆ ಇದೆ. ಆ ಶಕ್ತಿಯನ್ನು ನೆಚ್ಚಿಕೊಂಡೇ ನಿಮ್ಮಲ್ಲಿ ಕೇಳುತ್ತಿದ್ದೇನೆ: ಈ ವರ್ಷದ ಒಂದು ವಿಹಾರಕೂಟವನ್ನಾದರೂ ಫೆಬ್ರವರಿ, ಮಾರ್ಚ್ ತಿಂಗಳೊಳಗೆ ಮುಂಬಯಿಯದೇ ಕಾಡಿಗೆ, ಖಾಡಿಗೆ, ಕಡಲಂಚಿಗೆ ಒಯ್ಯಿರಿ. ಅಲ್ಲಿ ಕಂಡದ್ದನ್ನು ದಿನ, ಹೊತ್ತು, ಜಾಗದ ಸಮೇತ ಬರೆದಿಡಿ.

ಈ ತಿಂಗಳುಗಳನ್ನೇ ಹೇಳುವುದಕ್ಕೆ ಕಾರಣವಿದೆ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ, ಗೋರೆಗಾಂವ್‌ನ ಆರೆಯಲ್ಲಿ ಈಗ ಬೂರುಗದ ಮರಗಳು ಎಲೆಯೆಲ್ಲ ಉದುರಿಸಿ ಕೆಂಪು ಹೂ ಹೊತ್ತು ನಿಲ್ಲುತ್ತವೆ. ಅದರ ಬೆನ್ನಿಗೆ ಮುತ್ತುಗ, ಹಾಲುವಾಣ. ಬೂರುಗದ ಹೂವು ಅಂಗೈ ತುಂಬುವಷ್ಟು ದೊಡ್ಡದು, ದಪ್ಪ ಎಸಳು, ಬುಡದಲ್ಲಿ ತುಂಬಿದ ರಸ. ಬೆಳಿಗ್ಗೆ ಒಂದೇ ಒಂದು ಮರದ ಕೆಳಗೆ ಅರ್ಧ ಗಂಟೆ ಸುಮ್ಮನೆ ನಿಂತು ನೋಡಿ. ಗುಲಾಬಿ ಮೈನಾಗಳ ಹಿಂಡು ಬಂದಿಳಿದು ಗದ್ದಲವೆಬ್ಬಿಸುತ್ತದೆ. ಹೂವಿಗೆ ಬಂದ ಹುಳುವನ್ನು ಕಾಜಾಣ ಗಾಳಿಯಲ್ಲೇ ಹಿಡಿಯುತ್ತದೆ. ಹರಟೆಮಲ್ಲಗಳು ಹೂವಿನೊಳಗೆ ಇಡೀ ತಲೆ ತೂರಿಸಿ ಹೊರಗೆಳೆದಾಗ ಹಣೆಯ ತುಂಬ ಪರಾಗ ಮೆತ್ತಿಕೊಂಡಿರುತ್ತದೆ. ಆ ಪರಾಗ ಹಾಗೇ ಮುಂದಿನ ಮರಕ್ಕೆ ಹೋಗುತ್ತದೆ. ಈ ಗುಲಾಬಿ ಮೈನಾಗಳು ನಮ್ಮವಲ್ಲ, ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬಂದವು. ಏಪ್ರಿಲ್ ಹೊತ್ತಿಗೆ ಮರಿಮಾಡಲು ಹೊರಟೇಹೋಗುತ್ತವೆ. ಅಷ್ಟು ದೂರದ ಪ್ರಯಾಣಕ್ಕೆ ಮೈ ತುಂಬಿಕೊಳ್ಳಲು ಅವಕ್ಕೆ ಈ ಹೂವುಗಳು ಬೇಕು. ಇಂಥ ಒಂದು ಮರವನ್ನು ಪಾರ್ಕಿಂಗಿಗಾಗಿ ಕಡಿಯಲು ಸೊಸೈಟಿಯ ಸಭೆಯಲ್ಲಿ ಪ್ರಸ್ತಾಪ ಬಂದರೆ, ಆ ಮರದ ಕೆಳಗೆ ಅರ್ಧ ಗಂಟೆ ನಿಂತವರು ಸುಮ್ಮನೆ ಕೈ ಎತ್ತಲಾರರು.

ಅದೇ ಕಾಡಿನಲ್ಲಿ ಬೂದು ಮಂಗಟ್ಟೆಗಳು ಪೊಟರೆ ಹುಡುಕುವ ಕಾಲವೂ ಇದೇ. ಹೆಣ್ಣು ಪೊಟರೆಯ ಒಳಹೊಕ್ಕು ಅದರ ಬಾಯನ್ನು ಮುಚ್ಚಿಕೊಂಡು ಸಣ್ಣ ಸೀಳೊಂದನ್ನು ಮಾತ್ರ ಬಿಡುತ್ತದೆ. ವಾರಗಟ್ಟಲೆ ಗಂಡು ಆ ಸೀಳಿನಿಂದಲೇ ಹಣ್ಣು ಉಣಿಸಬೇಕು. ಗಂಡು ಹೆದರಿ ದೂರವುಳಿದರೆ ಒಳಗಿರುವ ಜೀವಗಳಿಗೆ ಬೇರೆ ಗತಿಯಿಲ್ಲ. ಆದ್ದರಿಂದ ಕಳಕಳಿಯಿಂದ ಬೇಡುತ್ತೇನೆ, ಗೂಡು ಕಂಡರೆ ಹತ್ತಿರ ಹೋಗಬೇಡಿ, ಅದರ ಜಾಗವನ್ನು ವಾಟ್ಸ್ಯಾಪ್ ಗುಂಪುಗಳಲ್ಲಿ ಹಾಕಬೇಡಿ, ಮೊಬೈಲಿನಲ್ಲಿ ಹಕ್ಕಿಯ ಕೂಗು ನುಡಿಸಿ ಅದನ್ನು ಹೊರಗೆ ಕರೆಯಬೇಡಿ.

ಇನ್ನು ಥಾಣೆ ಖಾಡಿ. ರಾಜಹಂಸಗಳನ್ನು ನೋಡಲು ಮಕ್ಕಳನ್ನು ಎಲ್ಲಿಗೋ ಕರೆದೊಯ್ಯಬೇಕಿಲ್ಲ. ಐರೋಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ದೋಣಿಯಲ್ಲಿ ಹೊರಟರೆ ಕಾಂಡ್ಲಾ ಮರಗಳ ನಡುವಿನಿಂದ ಸಾಗಿ, ಕೆಸರುಬಯಲಿನ ಮೇಲೆ ಗುಲಾಬಿ ಗೆರೆ ಎಳೆದಂತೆ ನಿಂತ ಸಾವಿರಾರು ಹಕ್ಕಿಗಳನ್ನು ಕಾಣಬಹುದು. ಮಕ್ಕಳಿಗೆ ಅವು ಉಣ್ಣುವ ಬಗೆಯನ್ನು ತೋರಿಸಿ. ಕೊಕ್ಕನ್ನು ತಲೆಕೆಳಗು ಮಾಡಿ ನೀರಿಗಿಟ್ಟು, ನಾಲಿಗೆಯನ್ನು ಪಂಪಿನಂತೆ ಆಡಿಸಿ ನೀರನ್ನು ಸೋಸಿ ಪಾಚಿಯನ್ನು ಉಳಿಸಿಕೊಳ್ಳುತ್ತವೆ. ಆ ಆಹಾರದಲ್ಲಿರುವ ಬಣ್ಣವೇ ಗರಿಗೆ ಏರುವುದು. ಗುಂಪಿನಲ್ಲಿ ಮಾಸಲು ಬೂದು ಬಣ್ಣದವು ಕಂಡರೆ ಅವು ಎಳೆಯವು. ಈ ಖಾಡಿಯ ಸುಮಾರು 1690 ಹೆಕ್ಟೇರು 2015ರಲ್ಲಿ ರಾಜಹಂಸ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು.

ಆದರೆ ಅಭಯಾರಣ್ಯದ ಗಡಿ ಹಕ್ಕಿಗೆ ಗೊತ್ತಿಲ್ಲ. ಇಳಿತದ ಹೊತ್ತಿಗೆ ಅವು ಖಾಡಿಯ ಕೆಸರಿನಲ್ಲಿ ಮೇಯುತ್ತವೆ, ಉಬ್ಬರ ಬಂದು ಕೆಸರು ಮುಳುಗಿದಾಗ ನವಿ ಮುಂಬಯಿಯ ಕೆರೆಗಳಿಗೆ ಹಾರಿ ವಿಶ್ರಮಿಸುತ್ತವೆ. ಆ ಕೆರೆಗಳು ಹೋದರೆ ಖಾಡಿಯೊಂದೇ ಅವನ್ನು ಉಳಿಸಲಾರದು. ನೆರೂಳಿನ ಡಿಪಿಎಸ್ ಕೆರೆಗೆ ಉಬ್ಬರದ ನೀರು ಬರುವ ದಾರಿ ಕಟ್ಟಿಹೋಗಿ, 2024ರ ಬೇಸಗೆಯಲ್ಲಿ ಆ ಕೆರೆಯ ಆಸುಪಾಸಿನಲ್ಲಿ ರಾಜಹಂಸಗಳು ಸತ್ತವು. ಅದೇ ವರ್ಷ ಮೇ 20ರ ರಾತ್ರಿ ಘಾಟ್ಕೋಪರಿನ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಹಿಂಡೊಂದು ಸಿಕ್ಕಿ ಮೂವತ್ತಕ್ಕೂ ಹೆಚ್ಚು ಹಕ್ಕಿಗಳು ಮನೆಗಳ ನಡುವೆ ಬಿದ್ದವು. ಡಿಪಿಎಸ್ ಕೆರೆಯ ವಿಷಯದಲ್ಲಿ ಸುತ್ತಲಿನ ನಿವಾಸಿಗಳು ಕೈಕಟ್ಟಿ ಕೂರಲಿಲ್ಲ. ನೀರು ಎಲ್ಲಿ ನಿಂತಿದೆ, ಹಕ್ಕಿ ಯಾವಾಗ ಬಂತು, ಯಾವಾಗ ಬರಲಿಲ್ಲ ಎಂಬುದನ್ನು ಫೋಟೊ ಸಮೇತ ಬಿಡದೆ ಅಧಿಕಾರಿಗಳ ಮುಂದಿಟ್ಟರು. 2025ರಲ್ಲಿ ರಾಜ್ಯ ಸರಕಾರ ಆ 30 ಎಕರೆಯನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಲು ಒಪ್ಪಿತು. ಅವರೆಲ್ಲ ವಿಜ್ಞಾನಿಗಳಲ್ಲ. ನಿಮ್ಮ ನಮ್ಮ ಹಾಗೆ ಲೋಕಲ್ ಹಿಡಿದು ಕೆಲಸಕ್ಕೆ ಹೋಗುವವರು.

ಬರೆದಿಡಿ ಎಂದು ಒತ್ತಿ ಹೇಳುವುದು ಇದಕ್ಕಾಗಿಯೇ. ಕಂಡ ದಾಖಲೆ ಇಲ್ಲದ ಜಾಗವನ್ನು ಕಾಗದದ ಮೇಲೆ ಪಾಳುಭೂಮಿ ಎಂದು ಬರೆಯುವುದು ಬಹಳ ಸುಲಭ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯೂ (ಬಿಎನ್‌ಎಚ್‌ಎಸ್) 1883ರಲ್ಲಿ ಇದೇ ಊರಿನ ಎಂಟು ಜನ ತಾವು ಕಂಡದ್ದನ್ನು ಪರಸ್ಪರ ಹೇಳಿಕೊಳ್ಳಲು ಕೂಡಿದ್ದರಿಂದ ಹುಟ್ಟಿದ್ದು. ಅವರಲ್ಲಿ ಇಬ್ಬರು ಭಾರತೀಯರು, ಆತ್ಮಾರಾಮ ಪಾಂಡುರಂಗ ಮತ್ತು ಸಖಾರಾಮ ಅರ್ಜುನ. 2023ರಲ್ಲಿ ದೇಶದ 942 ಜಾತಿಯ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತಲ್ಲ, ಅದಕ್ಕೆ ಆಧಾರ ಸುಮಾರು 30,000 ಹಕ್ಕಿವೀಕ್ಷಕರು ಬರೆದುಕೊಟ್ಟ 3 ಕೋಟಿ ದಾಖಲೆಗಳು. ಆರೆಯ ಹೆಸರನ್ನೇ ಹೊತ್ತ ಒಂದು ಚೇಳು ಇದೆ, ಲೈಕಸ್ ಆರೆಯೆನ್ಸಿಸ್. ಕೋಟಿ ಜನರ ನಗರದ ನಡುವೆ ಅಷ್ಟು ದಿನ ಹೆಸರಿಲ್ಲದೆ ಇದ್ದ ಆ ಜೀವಿಯನ್ನು ಗುರುತಿಸಿದವರು ರಾತ್ರಿ ಹೊತ್ತು ಟಾರ್ಚು ಹಿಡಿದು ಕಲ್ಲು ತೊಗಟೆಗಳ ಸಂದಿ ನೋಡುತ್ತಿದ್ದ ಮುಂಬಯಿಯ ಹುಡುಗರು.

ನಮ್ಮ ಹಿರಿಯರನ್ನು ಈ ಕೂಟಗಳಿಗೆ ತಪ್ಪದೆ ಕರೆತನ್ನಿ. ಹೋಟೆಲು, ಬ್ಯಾಂಕು, ಮಿಲ್ಲುಗಳಲ್ಲಿ ದುಡಿದು ನಿವೃತ್ತರಾದ ಎಷ್ಟೋ ಅಪ್ಪಂದಿರು, ಅಜ್ಜಂದಿರು ಕಾರ್ಕಳ, ಕುಂದಾಪುರ, ಪುತ್ತೂರಿನ ತೋಟಗಳಲ್ಲಿ ಬೆಳೆದವರು. ಕೂಗು ಕೇಳಿಯೇ ಕೆಂಬೂತ ಎನ್ನಬಲ್ಲರು, ನೆಲದ ಮೇಲಿನ ಹೆಜ್ಜೆ ನೋಡಿ ಮುಂಗುಸಿ ಎನ್ನಬಲ್ಲರು. ಒಂದು ಕೋಣೆಯ ಮನೆಯಲ್ಲಿ ಟಿವಿಯ ಮುಂದೆ ಕೂತ ಆ ತಿಳಿವಳಿಕೆ ಅವರೊಂದಿಗೇ ಹೋಗಿಬಿಡುವುದನ್ನು ನೋಡಿ ಬಹಳ ಸಂಕಟವಾಗುತ್ತದೆ. ಮೊಮ್ಮಗಳ ಕೈಗೆ ನೋಟ್‌ಬುಕ್ ಕೊಡಿ, ಅಜ್ಜ ಹೇಳಲಿ, ಅವಳು ಬರೆಯಲಿ. ಹೆಸರು ತಿಳಿಯದ ಹಕ್ಕಿಗೆ ಬಣ್ಣ, ಕೊಕ್ಕು, ಕೂತ ಬಗೆ ಬರೆದರೂ ಸಾಕು. ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳನ್ನೂ ಜತೆಗೆ ಸೇರಿಸಿಕೊಳ್ಳಿ, ಬಸ್ಸಿನ ಖರ್ಚು ಸಂಘ ವಹಿಸಲಿ.

ದೂರ ಹೋಗಲು ಆಗದವರಿಗೆ ಮಾಹಿಮ್ ಇದೆ. ಧಾರಾವಿಯ ಪಕ್ಕದ ಆ 37 ಎಕರೆ ಒಂದು ಕಾಲಕ್ಕೆ ನಗರದ ಕಸದ ಗುಡ್ಡೆ, ಈಗ ದಟ್ಟ ಮರಗಳ ಮಹಾರಾಷ್ಟ್ರ ನಿಸರ್ಗ ಉದ್ಯಾನ. ಗಾಲಿಕುರ್ಚಿಯಲ್ಲಿರುವ ಅಜ್ಜಿಯೂ ತನ್ನ ಬಾಲ್ಕನಿಯಲ್ಲೇ ಎಣಿಸಬಹುದು. ಫೆಬ್ರವರಿ ನಡುವಿನ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಿಲ ಹಕ್ಕಿ ಗಣತಿಗೆ ಹದಿನೈದು ನಿಮಿಷದ ಪಟ್ಟಿಯೂ ಸಲ್ಲುತ್ತದೆ. ಕಾಗೆ, ಪಾರಿವಾಳ, ಎದುರಿನ ಅರಳಿಮರದಿಂದ ಟಂಕ್ ಟಂಕ್ ಎನ್ನುವ ಕಂಚುಗಾರ ಹಕ್ಕಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಹೋದಲ್ಲಿ ಮೈಕು, ಸ್ಪೀಕರು ಬೇಡ. ತಿಂಡಿಯ ಪೊಟ್ಟಣ ಬಸ್ಸಿನಲ್ಲೇ ಇರಲಿ. ಕಡಲಹಕ್ಕಿಗಳಿಗೆ ಸೇವ್, ಗಾಠಿಯಾ ಎಸೆದು ಫೋಟೊ ತೆಗೆಯುವ ಚಟವನ್ನು ದಯವಿಟ್ಟು ನಮ್ಮವರು ಬಿಡಬೇಕು. ಎಣ್ಣೆ, ಉಪ್ಪಿನ ಆ ಕರಿದ ತಿಂಡಿ ಮೀನು ತಿನ್ನುವ ಹಕ್ಕಿಯ ಆಹಾರವಲ್ಲ. ಒಣಗಿದ ಹುಲ್ಲಿನ ಕಾಲವಿದು, ಸೇದಿದ ಬೀಡಿ ಸಿಗರೇಟಿನ ತುಂಡು ಗುಡ್ಡಕ್ಕೇ ಬೆಂಕಿ ಹಚ್ಚೀತು.

ಕಾರ್ಯದರ್ಶಿಗಳೇ, ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲೇ ಇದನ್ನು ಎತ್ತಿಕೊಳ್ಳಿ. ಬೊರಿವಲಿಯ ಉದ್ಯಾನ ಸೋಮವಾರ ತೆರೆದಿರುವುದಿಲ್ಲ. ಐರೋಲಿಯ ದೋಣಿ ಉಬ್ಬರವಿಳಿತ ನೋಡಿ ಹೊರಡುತ್ತದೆ, ಹಾಗಾಗಿ ಮೊದಲು ಅಲ್ಲಿ ಹೊತ್ತು ಕೇಳಿಕೊಂಡು ಆಮೇಲೆ ಬಸ್ಸು ಗೊತ್ತುಮಾಡಿ. ಗೋರೆಗಾಂವ್‌ನ ಫಿಲ್ಮ್ ಸಿಟಿ ಪಕ್ಕದ ಬಿಎನ್‌ಎಚ್‌ಎಸ್ ಕೇಂದ್ರದಲ್ಲಿ ಮೊದಲೇ ತಿಳಿಸಿದರೆ ಮಾರ್ಗದರ್ಶಕರು ಜತೆಗೆ ನಡೆಯುತ್ತಾರೆ. ಬರೆದ ಪಟ್ಟಿಯನ್ನು ಸಂಘದ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಿ, ಒಂದು ಪ್ರತಿಯನ್ನು ಅರಣ್ಯ ಇಲಾಖೆಗೂ ಕೊಡಿ. ಬರುವ ವರ್ಷ ಅದೇ ವಾರ, ಅದೇ ಜಾಗಕ್ಕೆ ಮತ್ತೆ ಹೋಗಿ ಎಣಿಸಿ.