ಚಿರೆಕಲ್ಲು, ಶೇಡಿಮಣ್ಣು ಮತ್ತು ನಾಲ್ಕು ಅಂಕ

ಮಾರ್ಚ್ ಬಂತು ಅಂದ್ರೆ ನಮ್ಮಂಥವರಿಗೆ ಅಪ್ರೈಸಲ್ ತಲೆಬಿಸಿ. ನನಗೆ ಈ ಸಲ ಅದರ ಜೊತೆ ಶಿಲಾಗೋಳವೂ ಇದೆ. ಕುಮಟಾ ಹತ್ತಿರದ ಹಳ್ಳಿಯಲ್ಲಿರೋ ಅಕ್ಕನ ಮಗಳು ಎಂಟನೇ ಕ್ಲಾಸು. ವಾರ್ಷಿಕ ಪರೀಕ್ಷೆಗೆ ಭೂಗೋಳ ಓದಿಸೋ ಕೆಲಸ ನನ್ನ ಪಾಲಿಗೆ ಬಂದಿದೆ. ಕಾರಣ ಏನೂ ದೊಡ್ಡದಲ್ಲ: ಇಂಜಿನಿಯರಿಂಗ್ ಓದಿದವನಿಗೆ ಎಲ್ಲಾ ಗೊತ್ತಿರುತ್ತೆ ಅನ್ನೋದು ನಮ್ಮನೆಯವರ ಗಟ್ಟಿ ನಂಬಿಕೆ.

ದಿನಾ ರಾತ್ರಿ ಎಂಟೂವರೆಗೆ ವಿಡಿಯೋ ಕಾಲ್. ಹುಡುಗಿ ಚುರುಕು. ಭೂಕವಚ, ಮ್ಯಾಂಟಲ್, ಕೇಂದ್ರಗೋಳ ಅಂತ ಗಿಳಿಪಾಠ ಒಪ್ಪಿಸ್ತಾಳೆ. ಮ್ಯಾಂಟಲ್ ಸುಮಾರು 2,900 ಕಿ.ಮೀ. ಆಳದವರೆಗೆ, ಹೊರ ಕೇಂದ್ರಗೋಳ ದ್ರವ, ಒಳ ಕೇಂದ್ರಗೋಳ ಘನ. ಎಲ್ಲಾ ಸರಿ. "ಅಲ್ಲಿಗೆ ಯಾರಾದ್ರೂ ಹೋಗಿದ್ರಾ?" ಅಂತ ಕೇಳಿದೆ. ಸುಮ್ಮನಾದಳು.

ಯಾರೂ ಹೋಗಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿ ಇಳಿದಿದ್ದು ಮೂರು ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ರಷ್ಯಾದವರು ಕೋಲಾದಲ್ಲಿ ಕೊರೆದ ಬಾವಿ 12 ಕಿ.ಮೀ. ದಾಟಿ ನಿಂತುಹೋಯಿತು. ಭೂಮಿಯ ತ್ರಿಜ್ಯ 6,371 ಕಿ.ಮೀ. ಅಂದ್ರೆ ಮಾವಿನಕಾಯಿಯ ಸಿಪ್ಪೆಯನ್ನೂ ನಾವು ಪೂರ್ತಿ ದಾಟಿಲ್ಲ. ಮತ್ತೆ ಒಳಗಿನದು ಗೊತ್ತಾಗಿದ್ದು ಭೂಕಂಪದಿಂದ. ಲಾಗಿನ್ ಸಿಗದ ಸರ್ವರ್‌ಗೆ ಹೊರಗಿಂದ ಪಿಂಗ್ ಕಳಿಸಿ, ಉತ್ತರ ಎಷ್ಟು ಹೊತ್ತಿಗೆ ಬಂತು ಅಂತ ನೋಡಿ ಒಳಗಿನ ಸ್ಥಿತಿ ಊಹಿಸ್ತೀವಲ್ಲ, ಹಾಗೇ ಇದು. ದ್ವಿತೀಯ ಅಲೆಗಳು ದ್ರವದೊಳಗೆ ಹೋಗಲ್ಲ, ಆದ್ದರಿಂದ ಭೂಮಿಯ ಆ ಬದಿಯಲ್ಲಿ ಅವು ಬರೋದೇ ಇಲ್ಲ. 1897ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದ ರಿಚರ್ಡ್ ಓಲ್ಡ್‌ಹ್ಯಾಮ್ ಕೇಂದ್ರಗೋಳ ಇದೆ ಅಂತ 1906ರಲ್ಲಿ ತೋರಿಸಿದರು. ಒಳಗೆ ಇನ್ನೊಂದು ಘನ ಗೋಳ ಇದೆ ಅಂತ 1936ರಲ್ಲಿ ಹೇಳಿದ್ದು ಡೆನ್ಮಾರ್ಕಿನ ಇಂಗೆ ಲೇಮನ್ ಎಂಬ ಮಹಿಳೆ. ಇದು ಪರೀಕ್ಷೆಗೆ ಬರಲ್ಲ ಅಂತ ಹುಡುಗಿ ತಕ್ಷಣ ಖಚಿತ ಮಾಡಿಕೊಂಡಳು. ಇಂಗೆ ಲೇಮನ್ ಹೆಸರನ್ನ ಮಾತ್ರ ಪುಸ್ತಕದ ಅಂಚಿನಲ್ಲಿ ಬರೆದುಕೊಂಡಳು.

ಶಿಲೆಗಳು ಬೇಗ ಮುಗಿದವು. ಅಗ್ನಿಶಿಲೆಗೆ ಉತ್ತರ ಕರ್ನಾಟಕದ ಬಸಾಲ್ಟ್, ಪದರುಶಿಲೆಗೆ ಬಾದಾಮಿಯ ಮರಳುಗಲ್ಲು, ರೂಪಾಂತರ ಶಿಲೆಗೆ ಲಾಲ್‌ಬಾಗಿನ ಬಂಡೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಮೇಲೆ ಕೂತು ಕಡ್ಲೆಕಾಯಿ ತಿಂದಿದ್ದೀಯಲ್ಲ ಅಂದಮೇಲೆ ಅವಳಿಗೆ ಮರೆಯೋ ಮಾತೇ ಇಲ್ಲ.

ಗಾಡಿ ನಿಂತಿದ್ದು ಶಿಥಿಲೀಕರಣಕ್ಕೂ ಸವೆತಕ್ಕೂ ವ್ಯತ್ಯಾಸ ತಿಳಿಸಿ ಅನ್ನೋ ಪ್ರಶ್ನೆಯಲ್ಲಿ. ನಾಲ್ಕು ಅಂಕ. ಹಲಸಿನ ಹಪ್ಪಳ ತಟ್ಟೆಯಲ್ಲೇ ಪುಡಿಯಾದ್ರೆ ಶಿಥಿಲೀಕರಣ, ಆ ಪುಡಿಯನ್ನ ಇರುವೆ ಹೊತ್ಕೊಂಡು ಹೋದ್ರೆ ಸವೆತ ಅಂದೆ. ನಕ್ಕಳು. ಆಮೇಲೆ ಕೇಳಿದಳು, "ಮಾವ, ಹಾಗಾದ್ರೆ ನಮ್ಮನೆ ಹಿಂದಿನ ಗುಡ್ಡ ಯಾವುದು?"

ಆಗಲೇ ನನಗೆ ಗೊತ್ತಾಗಿದ್ದು: ಭಾವ ಕಾರ್ ಶೆಡ್ಡಿಗೆ ಜಾಗ ಸಾಲದು ಅಂತ ಮನೆ ಹಿಂದಿನ ಗುಡ್ಡ ಕಡಿಸೋಕೆ ಜೆಸಿಬಿಯವನಿಗೆ ಹೇಳಿದ್ದಾರೆ.

ಕರಾವಳಿಯವರಿಗೆ ಈ ಗುಡ್ಡಗಳು ಹೊಸದಲ್ಲ. ಮೇಲೆ ಚಿರೆಕಲ್ಲು, ಅಂದ್ರೆ ಪುಸ್ತಕದ ಲ್ಯಾಟರೈಟ್. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟಿನ್ನಿನ ಇಟ್ಟಿಗೆ ಎಂಬ ಶಬ್ದದಿಂದ ಇಟ್ಟ ಹೆಸರು ಅದು. ನಮ್ಮವರಂತೂ ಅದನ್ನ ಇಟ್ಟಿಗೆ ಹಾಗೇ ಕಡಿದು ಮನೆ ಕಟ್ಟುತ್ತಲೇ ಇದ್ದಾರೆ. ಲಕ್ಷಾಂತರ ವರ್ಷದ ಮಳೆ ಕಲ್ಲಿನ ಸಿಲಿಕಾ ತೊಳೆದು, ಕಬ್ಬಿಣ, ಅಲ್ಯೂಮಿನಿಯಂ ಉಳಿಸಿ ಮಾಡಿದ ಕಲ್ಲು. ಗಟ್ಟಿ, ಆದರೆ ತುಂಬಾ ತೂತು. ಅದರ ಕೆಳಗಿರೋದು ಶೇಡಿಮಣ್ಣು. ಬೇಸಿಗೆಯಲ್ಲಿ ಕಲ್ಲಿನ ಹಾಗೆ ನಿಂತಿರುತ್ತೆ. ಮಳೆನೀರು ಚಿರೆಕಲ್ಲಿನ ತೂತಿನಿಂದ ಇಳಿದು ಅಲ್ಲಿ ತಂಗಿದ್ರೆ ಮಣ್ಣು ಭಾರವಾಗುತ್ತೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತೆ. ಇಷ್ಟಾದ್ರೂ ಗುಡ್ಡ ನಿಂತಿರೋದು ಅದರ ಬುಡದ ಬಲದಿಂದ. ಜೆಸಿಬಿ ಕಡಿಯೋದು ಸರಿಯಾಗಿ ಆ ಬುಡವನ್ನೇ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಆಗಿದ್ದು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಹೆದ್ದಾರಿ ಪಕ್ಕದ ಗುಡ್ಡ ಕುಸಿದು ಚಹಾ ಅಂಗಡಿ, ಅಲ್ಲಿದ್ದ ಜನ, ಟ್ಯಾಂಕರ್ ಎಲ್ಲಾ ಮಣ್ಣಿನ ಜೊತೆ ಗಂಗಾವಳಿ ಕಡೆಗೆ ಹೋದವು. ಒಂದು ಲಾರಿಯನ್ನ ನದಿಯಿಂದ ಎತ್ತೋಕೆ ಎರಡು ತಿಂಗಳ ಮೇಲೆ ಹಿಡಿಯಿತು. ಅಕ್ಕನ ಮನೆಯಿಂದ ಅದು ದೂರದ ಜಾಗವೇನೂ ಅಲ್ಲ.

ಭಾವನಿಗೆ ನಾನು ಹೇಳಿದ್ರೆ "ಬೆಂಗಳೂರಲ್ಲಿ ಕೂತು ಹೇಳ್ತೀಯ" ಅಂತಾರೆ. ಅದು ನ್ಯಾಯವೇ. ಹಾಗಾಗಿ ಪರೀಕ್ಷೆಯ ನೆಪದಲ್ಲಿ ಹುಡುಗಿಗೇ ಕೆಲಸ ಕೊಟ್ಟೆ. ಗುಡ್ಡದ ಚಿತ್ರ ಬರೆದು ಪದರ ಗುರುತಿಸು, ಮೇಲೆ ಹೋಗಿ ನೆಲದಲ್ಲಿ ಬಿರುಕು ಇದೆಯಾ ನೋಡು, ಮರಗಳು ವಾಲಿವೆಯಾ, ಮಳೆಗಾಲದಲ್ಲಿ ಬುಡದಿಂದ ಕೆಸರು ನೀರು ಬರುತ್ತಿತ್ತಾ ಅಂತ ಅಜ್ಜಿ ಹತ್ರ ಕೇಳು. ಬಿರುಕು ಇಲ್ಲ. ಎರಡು ಗೇರು ಮರ ವಾಲಿವೆ. ಕೆಸರು ನೀರು ಹೋದ ವರ್ಷ ಬಂದಿತ್ತಂತೆ, ಅಜ್ಜಿ ಅದಕ್ಕೆ ಅಡ್ಡ ಅಡಿಕೆ ಸೋಗೆ ಹಾಕಿದ್ದರಂತೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಭೂಕುಸಿತದ ಸಾಧ್ಯತೆ ತೋರಿಸೋ ನಕ್ಷೆ ಮಾಡಿದೆ, ನೆಟ್‌ನಲ್ಲಿ ನೋಡಬಹುದು. ನಿಮ್ಮ ಊರು ಘಟ್ಟ, ಕರಾವಳಿ ಕಡೆಯದಾದ್ರೆ ಒಮ್ಮೆ ತೆರೆದು ನೋಡಿ. ಆದರೆ ಅದು ದೊಡ್ಡ ಪ್ರದೇಶದ ನಕ್ಷೆ, ಒಂದು ಮನೆಯ ಹಿತ್ತಲು ಅದರಲ್ಲಿ ಸಿಗಲ್ಲ. ಹಿತ್ತಲಿಗೆ ಭೂವಿಜ್ಞಾನ ಓದಿದವರೊಬ್ಬರು ಬಂದು ಕಣ್ಣಾರೆ ನೋಡಲೇಬೇಕು. ಕಡಿಯಲೇಬೇಕಾದ್ರೆ ನೆಟ್ಟಗೆ ಗೋಡೆ ಹಾಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯೋದು, ಮೇಲಿಂದ ಬರೋ ನೀರನ್ನ ಕಾಲುವೆ ಮಾಡಿ ಬೇರೆ ಕಡೆ ತಿರುಗಿಸೋದು, ತಡೆಗೋಡೆಯಲ್ಲಿ ನೀರು ಹೊರಬರೋಕೆ ತೂತು ಬಿಡೋದು ಇದೆಲ್ಲಾ ಬೇಕು. ಶೆಡ್ಡಿನ ಖರ್ಚಿಗಿಂತ ಇದೇ ಜಾಸ್ತಿಯಾಗುತ್ತೆ.

ನಿನ್ನೆ ಹುಡುಗಿ ಬಣ್ಣದ ಪೆನ್ಸಿಲಿನ ಆ ಚಿತ್ರವನ್ನ ಊಟದ ಹೊತ್ತಿಗೆ ಅಪ್ಪನ ಮುಂದೆ ಇಟ್ಟಳಂತೆ. ಭಾವ ನನಗೆ ಫೋನ್ ಮಾಡಿದರು. "ಅಡ್ವಾನ್ಸ್ ಕೊಟ್ಟಾಗಿದೆ ಮಾರಾಯ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಆ ಗೇರು ಮರ ನಾನು ನೆಟ್ಟಾಗ ನೆಟ್ಟಗೇ ಇತ್ತು" ಅಂದರು. ಜೆಸಿಬಿ ಬರಬೇಕಾಗಿರೋದು ಸೋಮವಾರ. ಈಗ ಅದನ್ನ ಮುಂದಕ್ಕೆ ಹಾಕಿದ್ದಾರೆ, ಎಷ್ಟು ದಿನಕ್ಕೆ ಅಂತ ಹೇಳಿಲ್ಲ. ಹುಡುಗಿಗೆ ಶುಕ್ರವಾರ ಪರೀಕ್ಷೆ, ವಾಯುಗೋಳ ಇನ್ನೂ ಪೂರ್ತಿ ಬಾಕಿ ಇದೆ.